‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ: ಗಣಕೀಕೃತ ದಾಖಲೆಗಳ ಶೇಖರಣೆ ಮತ್ತು ಕೊಪ್ಪಳ ಜಿಲ್ಲೆಯ ಅರ್ಜಿದಾರರು

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗದ ನಾಗರಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬೆಳೆ ಪರಿಹಾರ ಮುಂತಾದವುಗಳಿಗಾಗಿ ಅರ್ಜಿ ಸಲ್ಲಿಸುವಾಗ ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬರುವುದುಂಟು. ಇದರಿಂದ ಜಮೀನೇ ಕೈತಪ್ಪಿತೆಂದು ಗಾಬರಿಗೊಳ್ಳುವವರೂ ಇದ್ದಾರೆ. ಬಹುಪಾಲು ಸಂದರ್ಭಗಳಲ್ಲಿ ದಾಖಲೆಯು ಅಳಿದಿರುವುದಿಲ್ಲ. ಅದನ್ನು ಹುಡುಕಲು ನೀಡಿದ ಗುರುತು ತಪ್ಪಾಗಿರುತ್ತದೆ ಅಥವಾ ಆ ಗುರುತೇ ಬದಲಾಗಿರುತ್ತದೆ. ಇದು ಹೇಗೆ ಸಂಭವಿಸುತ್ತದೆ ಎಂಬುದನ್ನು ಅರ್ಜಿದಾರರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಗುರುತು ಮತ್ತು ವಿವರ

ವರ್ತಕರ ಲೆಡ್ಜರ್ ಪುಸ್ತಕದಲ್ಲಿ ಪುಟಸಂಖ್ಯೆ ತಿಳಿದಿದ್ದರೆ ಖಾತೆಯನ್ನು ಕೂಡಲೇ ತೆಗೆಯಬಹುದು. ತಿಳಿಯದಿದ್ದಲ್ಲಿ ಇಡೀ ಪುಸ್ತಕವನ್ನು ತಿರುವಿಹಾಕಬೇಕು. ಕೀಲಿ-ಮೌಲ್ಯ ದತ್ತಸಂಚಯ ಎಂದು ಕರೆಯಲಾಗುವ ಗಣಕ ವ್ಯವಸ್ಥೆಯೂ ಇದೇ ತತ್ವದ ಮೇಲೆ ನಿಂತಿದೆ. ಪ್ರತಿಯೊಂದು ದಾಖಲೆಗೂ ಒಂದು ಕೀಲಿ, ಅಂದರೆ ಗುರುತಿನ ಸಂಖ್ಯೆ, ಇರುತ್ತದೆ, ಅದರಡಿ ವಿವರಗಳಿರುತ್ತವೆ. ದಾಖಲೆಗಳು ಕೋಟಿಗಟ್ಟಲೆ ಆದಾಗ ಅವನ್ನು ಅನೇಕ ಸರ್ವರ್‌ಗಳಲ್ಲಿ ಹಂಚಿ ಇಡಲಾಗುತ್ತದೆ. ಯಾವ ದಾಖಲೆ ಯಾವ ಸರ್ವರ್‌ನಲ್ಲಿದೆ ಎಂಬುದನ್ನು ಕೀಲಿಯ ಮೇಲೆ ಮಾಡುವ ಒಂದು ಲೆಕ್ಕಾಚಾರವೇ ನಿರ್ಧರಿಸುವುದು ಸಾಮಾನ್ಯ. ಒಂದು ಅಕ್ಷರ ವ್ಯತ್ಯಾಸವಾದರೂ ಲೆಕ್ಕವು ಬೇರೊಂದು ಸರ್ವರ್‌ನತ್ತ ಹೋಗುತ್ತದೆ, ಅಲ್ಲಿ ಏನೂ ಸಿಗುವುದಿಲ್ಲ. ‘ಇದಕ್ಕೆ ಹತ್ತಿರವಾದದ್ದು ಇದೆ’ ಎಂದು ಹೇಳುವ ಶಕ್ತಿ ಇಂತಹ ವ್ಯವಸ್ಥೆಗೆ ಸಹಜವಾಗಿ ಇರುವುದಿಲ್ಲ.

ಆಧಾರ್ ಯೋಜನೆಯ ಬೃಹತ್ ಶೇಖರಣೆಯಲ್ಲಿ ಇದೇ ಕುಲಕ್ಕೆ ಸೇರಿದ ಎಚ್‌ಬೇಸ್ ತಂತ್ರಾಂಶವನ್ನು ಬಳಸಲಾಗಿದೆ. ರಾಜ್ಯದ ‘ಭೂಮಿ’ ವ್ಯವಸ್ಥೆಯು ಮಾತ್ರ ಕೋಷ್ಟಕ ಮಾದರಿಯದು. ಆದರೆ ಪಹಣಿಯನ್ನು ತೆಗೆಯುವ ಕ್ರಮದಲ್ಲಿ ವ್ಯತ್ಯಾಸವೇನೂ ಇಲ್ಲ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್ ಮತ್ತು ಹಿಸ್ಸಾ ಎಲ್ಲವೂ ಸೇರಿ ಒಂದು ಕೀಲಿಯಾಗುತ್ತವೆ. ಸರ್ನಾಕ್ ಕಾಲಂನಲ್ಲಿ ಸಾಮಾನ್ಯವಾಗಿ ಕಾಣುವ ನಕ್ಷತ್ರ ಚಿಹ್ನೆಯೂ ಅದರ ಭಾಗವೇ ಆಗಿದ್ದು, ಅದನ್ನು ಬಿಟ್ಟರೆ ಪಹಣಿ ದೊರೆಯುವುದಿಲ್ಲ.

ತಾಲ್ಲೂಕು ಬದಲಾದಾಗ

ಕೀಲಿಯಲ್ಲಿ ಅರ್ಥವಿರುವ ಪದಗಳನ್ನು ಸೇರಿಸಿದರೆ ಜನರಿಗೆ ಅನುಕೂಲ; ಆದರೆ ಅರ್ಥ ಬದಲಾದ ದಿನ ಕೀಲಿಯೂ ಬದಲಾಗಬೇಕಾಗುತ್ತದೆ. ಈ ಜಿಲ್ಲೆಯಷ್ಟು ಇದನ್ನು ಅನುಭವಿಸಿದ ಜಿಲ್ಲೆಗಳು ವಿರಳವೆನ್ನಬಹುದು. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯು ನಾಲ್ಕು ತಾಲ್ಲೂಕುಗಳೊಂದಿಗೆ ಅಸ್ತಿತ್ವಕ್ಕೆ ಬಂದಿತು. 2018ರಲ್ಲಿ ಗಂಗಾವತಿಯಿಂದ ಕಾರಟಗಿ ಮತ್ತು ಕನಕಗಿರಿ, ಯಲಬುರ್ಗಾದಿಂದ ಕುಕನೂರು ಹೊಸ ತಾಲ್ಲೂಕುಗಳಾದವು. ಜಮೀನು ಇದ್ದಲ್ಲಿಯೇ ಇದೆ, ಬದುವೂ ಅದೇ, ಸರ್ವೆ ನಂಬರೂ ಅದೇ. ಆದರೆ ವಿಳಾಸದ ಎರಡನೆಯ ಪದ ಬೇರೆಯಾಗಿದೆ.

ಆದ್ದರಿಂದ ಹಳೆಯ ಪಹಣಿಯನ್ನು ನೋಡಿಕೊಂಡು ಸಿದ್ದಾಪುರದ ರೈತರು ಗಂಗಾವತಿ ಎಂದೋ, ತಳಕಲ್ಲಿನ ರೈತರು ಯಲಬುರ್ಗಾ ಎಂದೋ ನಮೂದಿಸಿದರೆ ಉತ್ತರ ತಪ್ಪುವುದು ಸಹಜ. ಮೊದಲನೆಯವರು ಕಾರಟಗಿಯನ್ನು, ಎರಡನೆಯವರು ಕುಕನೂರನ್ನು, ಹುಲಿಹೈದರದವರು ಕನಕಗಿರಿಯನ್ನು ಆಯ್ಕೆ ಮಾಡತಕ್ಕದ್ದು. ಬ್ಯಾಂಕಿನ ಸಾಲಪತ್ರ, ಹಳೆಯ ಕ್ರಯಪತ್ರ ಮುಂತಾದವುಗಳಲ್ಲಿ ಹಿಂದಿನ ತಾಲ್ಲೂಕಿನ ಹೆಸರಿದ್ದ ಮಾತ್ರಕ್ಕೆ ಅವು ಅಸಿಂಧುವಾಗುವುದಿಲ್ಲ. ಹಿಸ್ಸಾ ವಿಚಾರದಲ್ಲಿಯೂ ಹೀಗೆಯೇ. ಅಣ್ಣತಮ್ಮಂದಿರ ನಡುವೆ ಪಾಲಾಗಿ ಪೋಡಿಯಾದ ನಂತರ ಹೊಸ ಹಿಸ್ಸಾ ಸಂಖ್ಯೆಗಳು ಬರುತ್ತವೆ. ಹಳೆಯ ಸಂಖ್ಯೆಯಲ್ಲಿ ಹುಡುಕುವವರಿಗೆ ತಮ್ಮ ಪಾಲು ಕಾಣಿಸುವುದಿಲ್ಲ.

ಅರ್ಥವಿಲ್ಲದ ಕೀಲಿಯೇ ಹೆಚ್ಚು ಬಾಳಿಕೆ ಬರುತ್ತದೆಂಬುದು ವಿನ್ಯಾಸಕಾರರ ಸಾಮಾನ್ಯ ಅಭಿಪ್ರಾಯ. 12 ಅಂಕಿಗಳ ಆಧಾರ್ ಸಂಖ್ಯೆಯಲ್ಲಿ ಊರು, ಜಾತಿ, ವಯಸ್ಸು ಯಾವುದರ ಸುಳಿವೂ ಇಲ್ಲದಿರುವುದು ಉದ್ದೇಶಪೂರ್ವಕವಾದದ್ದು. ಜಮೀನಿಗೆ ಅಕ್ಷಾಂಶ-ರೇಖಾಂಶಗಳ ಆಧಾರದ ಮೇಲೆ 14 ಅಂಕಿ-ಅಕ್ಷರಗಳ ವಿಶಿಷ್ಟ ಸಂಖ್ಯೆ ನೀಡುವ ‘ಭೂ-ಆಧಾರ್’ ಯೋಜನೆಯನ್ನು ಕೇಂದ್ರ ಸರ್ಕಾರವು 2021ರಲ್ಲಿ ಆರಂಭಿಸಿದ್ದೂ ಇದೇ ಕಾರಣದಿಂದ ಗಮನಾರ್ಹ. ತಾಲ್ಲೂಕು ಎಷ್ಟು ಬಾರಿ ಒಡೆದರೂ ಅಕ್ಷಾಂಶ ಬದಲಾಗದು. ಹಾಗೆಂದು ಪಾಲು ಮತ್ತು ಪೋಡಿಯ ತೊಡಕು ಇದರಿಂದ ತೀರುವುದಿಲ್ಲ. ತುಂಡಾದ ಜಮೀನಿಗೆ ಹೊಸ ಸಂಖ್ಯೆ ಬೇಕೇ ಬೇಕು.

ಹಲವು ಪ್ರತಿಗಳ ಪ್ರಶ್ನೆ

‘ಭೂಮಿ’ ಆರಂಭವಾದ ವರ್ಷಗಳಲ್ಲಿ ಪ್ರತಿ ತಾಲ್ಲೂಕು ಕಛೇರಿಯ ಗಣಕಯಂತ್ರದಲ್ಲಿ ಆ ತಾಲ್ಲೂಕಿನ ದಾಖಲೆಗಳಿದ್ದವು. ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪ್ರತಿ ಕೊಡಲಾಗುತ್ತಿತ್ತು. ಕುಷ್ಟಗಿಯ ರೈತರು ಕುಷ್ಟಗಿಗೇ ಹೋಗಬೇಕಿತ್ತು. ಅಲ್ಲಿ ವಿದ್ಯುತ್ ಇಲ್ಲದಿದ್ದರೆ ಕಾಯಬೇಕಿತ್ತು. ಈಗ ರಾಜ್ಯ ದತ್ತಾಂಶ ಕೇಂದ್ರದಿಂದ ಎಲ್ಲಿ ಬೇಕಾದರೂ ಪಡೆಯಬಹುದಾಗಿದೆ.

ವಿತರಿತ ಶೇಖರಣೆಯಲ್ಲಿ ಒಂದೇ ದಾಖಲೆಯ ಮೂರು ಪ್ರತಿಗಳನ್ನು ಮೂರು ಸರ್ವರ್‌ಗಳಲ್ಲಿ ಇಡುವುದು ರೂಢಿ. ಬದಲಾವಣೆಯನ್ನು ಕನಿಷ್ಠ ಎರಡು ಪ್ರತಿಗಳಲ್ಲಿ ಬರೆದ ಮೇಲೆ ಮಾತ್ರ ಒಪ್ಪಿ, ಓದುವಾಗಲೂ ಎರಡು ಪ್ರತಿಗಳನ್ನು ನೋಡಿದರೆ, ಅವುಗಳಲ್ಲಿ ಒಂದಾದರೂ ಹೊಸದಾಗಿರಲೇಬೇಕು. ಒಂದೇ ಪ್ರತಿಯನ್ನು ನೋಡಿ ಉತ್ತರಿಸಿದರೆ ವೇಗ ಹೆಚ್ಚು, ಆದರೆ ಹಳೆಯ ವಿವರ ಬರುವ ಸಂಭವವಿದೆ. ಅಮೆಜಾನ್ ಸಂಸ್ಥೆಯ ತಂತ್ರಜ್ಞರು 2007ರಲ್ಲಿ ಪ್ರಕಟಿಸಿದ ‘ಡೈನಮೋ’ ಕುರಿತ ಪ್ರಬಂಧವು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಗ್ರಾಹಕರ ಖರೀದಿಬುಟ್ಟಿಗೆ ಸರಕು ಸೇರಿಸುವುದು ಎಂದಿಗೂ ನಿಲ್ಲಬಾರದೆಂದು, ಸಂಪರ್ಕ ಕಡಿದಾಗಲೂ ಬರೆಯಲು ಅಲ್ಲಿ ಅವಕಾಶ ನೀಡಲಾಗಿತ್ತು. ಪ್ರತಿಗಳನ್ನು ನಂತರ ಕೂಡಿಸುವಾಗ, ತೆಗೆದುಹಾಕಿದ ಸರಕು ಕೆಲವೊಮ್ಮೆ ಮತ್ತೆ ಬುಟ್ಟಿಯಲ್ಲಿ ಕಾಣಿಸಿಕೊಳ್ಳಬಹುದಿತ್ತು.

ಖರೀದಿಬುಟ್ಟಿಗೆ ಇದು ನಡೆದೀತು. ಪಹಣಿಗೆ ನಡೆಯದು. ಜಮೀನು ಮಾರಿದವರ ಹೆಸರು ಹಕ್ಕು ಬದಲಾವಣೆಯ ನಂತರ ಮತ್ತೆ ಕಾಲಂ 9ರಲ್ಲಿ ಕಾಣಿಸಿಕೊಂಡರೆ, ಅದೇ ಜಮೀನಿನ ಮೇಲೆ ಎರಡನೆಯ ಸಾಲ, ಎರಡನೆಯ ಕ್ರಯ ಎಲ್ಲವೂ ಸಾಧ್ಯವಾಗುತ್ತವೆ. ಹೀಗಾಗಿ ಸಂಪರ್ಕ ಸರಿಯಿಲ್ಲದಾಗ ಭೂದಾಖಲೆ ವ್ಯವಸ್ಥೆಯು ಹಳೆಯ ವಿವರವನ್ನು ಕೊಡುವುದಕ್ಕಿಂತ ಸೇವೆಯನ್ನು ನಿಲ್ಲಿಸುವುದೇ ಸರಿ. ‘ಸರ್ವರ್ ಡೌನ್’ ಎಂಬ ಮಾತು ದಿನಗೂಲಿ ಬಿಟ್ಟು ಬಂದವರಿಗೆ ಕೋಪ ತರಿಸುವಂಥದ್ದೇ, ಸಂಶಯವಿಲ್ಲ. ಅರ್ಜಿಯ ಸ್ಥಿತಿಗತಿ ತಿಳಿಸುವ ಸೇವೆಗೆ ಇಷ್ಟು ಬಿಗಿ ಅಗತ್ಯವಿಲ್ಲ. ಅಲ್ಲಿ ಕೆಲವು ಗಂಟೆಗಳ ಹಿಂದಿನ ವಿವರ ಕಂಡರೂ ಹಾನಿಯಿಲ್ಲ. ಎರಡಕ್ಕೂ ಒಂದೇ ಅಳತೆಗೋಲು ಬಳಸುವ ವಿನ್ಯಾಸವು ಉತ್ತಮ ವಿನ್ಯಾಸವೆನಿಸದು.

ಬೆಳೆ ವಿಮೆಯ ಕೊನೆಯ ದಿನಗಳ ನೂಕುನುಗ್ಗಲಿಗೂ ಕೀಲಿಗೂ ಸಂಬಂಧವಿದೆ. ದಿನಾಂಕದಿಂದ ಆರಂಭವಾಗುವ ಕೀಲಿಯನ್ನು ಕ್ರಮವಾಗಿ ಜೋಡಿಸಿಡುವ ವ್ಯವಸ್ಥೆಯಲ್ಲಿ, ಆ ದಿನದ ಅರ್ಜಿಗಳೆಲ್ಲವೂ ಒಂದೇ ಸರ್ವರ್‌ಗೆ ಬಂದು ಬೀಳುತ್ತವೆ, ಉಳಿದವು ಸುಮ್ಮನಿರುತ್ತವೆ. ಹೊಸ ಯಂತ್ರ ಖರೀದಿಸಿದರೆ ಇದು ಸರಿಯಾಗದು, ಕೀಲಿಯನ್ನೇ ಬದಲಿಸಬೇಕು.

ಬರ ಪರಿಹಾರದ ಅನುಭವ

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಪರಿಹಾರದ ಹಣವನ್ನು ‘ಫ್ರೂಟ್ಸ್’ ತಂತ್ರಾಂಶದಲ್ಲಿನ ರೈತರ ಗುರುತಿನ ಸಂಖ್ಯೆಯ ಆಧಾರದ ಮೇಲೆ ನೇರವಾಗಿ ಬ್ಯಾಂಕ್ ಖಾತೆಗೆ ಜಮೆ ಮಾಡಲಾಯಿತು. ಇಲ್ಲಿ ಕೀಲಿಯು ಜಮೀನಿನದಲ್ಲ, ರೈತರದು. ಒಬ್ಬ ರೈತರ ಹೆಸರಿನಲ್ಲಿ ಮೂರು ಸರ್ವೆ ನಂಬರ್‌ಗಳಿದ್ದು ಒಂದನ್ನು ಮಾತ್ರ ಜೋಡಿಸಿದ್ದರೆ, ವ್ಯವಸ್ಥೆಯ ಮಟ್ಟಿಗೆ ಅವರ ಜಮೀನು ಅಷ್ಟೇ. ಗುರುತಿನ ಸಂಖ್ಯೆ ಇದೆಯೆಂಬ ನೆಮ್ಮದಿಯಲ್ಲಿ ಉಳಿದ ನಂಬರ್‌ಗಳನ್ನು ಪರಿಶೀಲಿಸದೇ ಇರುವುದು ದುಬಾರಿಯಾದೀತು. ತಂದೆ ತೀರಿಕೊಂಡು ಪೌತಿ ಖಾತೆ ಆಗದ ಜಮೀನಿನ ಸ್ಥಿತಿ ಇನ್ನೂ ಕಷ್ಟದ್ದು: ದಾಖಲೆ ಇದೆ, ಉಳುವವರೂ ಇದ್ದಾರೆ, ಇಬ್ಬರನ್ನೂ ಜೋಡಿಸುವ ಕೀಲಿ ಇಲ್ಲ. ಹೆಸರಿನಿಂದ ಜೋಡಿಸಲಾಗದೇ ಎಂದು ಕೇಳಬಹುದು. ಒಂದೇ ಗ್ರಾಮದಲ್ಲಿ ಹತ್ತಾರು ಹನುಮಪ್ಪ, ಯಮನಪ್ಪ, ಬಸಮ್ಮ ಇರುವ ಸೀಮೆಯಲ್ಲಿ ಹೆಸರು ಕೀಲಿಯಾಗಲಾರದು.

ರೈತರು ಆಧಾರ್, ಚಾಲ್ತಿ ವರ್ಷದ ಪಹಣಿ ಮತ್ತು ಬ್ಯಾಂಕ್ ಪಾಸ್‌ಪುಸ್ತಕದೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತೆರಳಿ, ತಮ್ಮ ಎಲ್ಲ ಸರ್ವೆ ನಂಬರ್‌ಗಳೂ ಜೋಡಣೆಯಾಗಿವೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ಪಹಣಿ ದೊರೆಯದಿದ್ದಲ್ಲಿ ಮೊದಲು ಈಗಿನ ತಾಲ್ಲೂಕಿನ ಹೆಸರು, ನಂತರ ಹಿಸ್ಸಾ ಸಂಖ್ಯೆ ನೋಡಿಕೊಳ್ಳಬೇಕು. ಆಗಲೂ ದೊರೆಯದಿದ್ದರೆ ಹಳೆಯ ಪಹಣಿಯ ಪ್ರತಿಯೊಂದಿಗೆ ಗ್ರಾಮ ಆಡಳಿತಾಧಿಕಾರಿಯನ್ನು ಅಥವಾ ತಾಲ್ಲೂಕು ಕಛೇರಿಯನ್ನು ಸಂಪರ್ಕಿಸಬೇಕು.

ಉತ್ತರ ತಡವಾಯಿತೆಂದು ಅದೇ ಕೋರಿಕೆಗೆ ಎರಡನೆಯ ಅರ್ಜಿ ಸಲ್ಲಿಸುವುದು ಸೂಕ್ತವಲ್ಲ. ಪ್ರತಿ ಅರ್ಜಿಗೂ ಪ್ರತ್ಯೇಕ ಸಂಖ್ಯೆ ಬರುವುದರಿಂದ ವ್ಯವಸ್ಥೆಯ ದೃಷ್ಟಿಯಲ್ಲಿ ಅವು ಎರಡು ಬೇರೆ ಬೇರೆ ಕೋರಿಕೆಗಳು. 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಸಕಾಲ ಕಾಯ್ದೆಯಡಿ ಗಡುವು ಎಣಿಕೆಯಾಗುವುದೂ ಸ್ವೀಕೃತಿ ಚೀಟಿಯಲ್ಲಿರುವ ಸಂಖ್ಯೆಯ ಮೇಲೆಯೇ ಆದುದರಿಂದ, ಮೊದಲ ಚೀಟಿಯನ್ನು ಸೇವೆ ದೊರೆಯುವವರೆಗೂ ಕಾಯ್ದಿಟ್ಟುಕೊಳ್ಳುವುದು.