ಶಸ್ತ್ರಕ್ಕೆ ಅವಸರವೇಕೆ?

ಕೊಡವರ ಮನೆಯಲ್ಲಿ ಗಂಡುಕೂಸು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ತಿಳಿಸುವುದೂ, ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲುಬಾಣವನ್ನು ಅದರ ಕೈಗೆ ಮುಟ್ಟಿಸುವುದೂ ಪೂರ್ವಿಕರ ಪದ್ಧತಿ. ಗಂಡೋ ಹೆಣ್ಣೋ ಎಂಬುದು ಎಲ್ಲ ಜಾತಿಮತದವರ ಮನೆಗಳಲ್ಲಿಯೂ ಮೊದಲ ಪ್ರಶ್ನೆಯೇ ಸರಿ. ಆದರೆ ಅಪರೂಪಕ್ಕೆ ಒಂದು ಕೂಸಿನ ಜನನೇಂದ್ರಿಯದ ಹೊರರೂಪವು ಸಂದಿಗ್ಧವಾಗಿದ್ದು, ನುರಿತ ವೈದ್ಯರೂ ನೋಡಿದ ಮಾತ್ರದಿಂದ ಉತ್ತರ ಹೇಳಲಾರದೆ ಹೋಗುತ್ತಾರೆ. ಅಂತಹ ಮನೆಯಲ್ಲಿ ಸಂಭ್ರಮವಡಗಿ ಪಿಸುಮಾತು ತೊಡಗುತ್ತದೆ. ಬೇಗನೆ ಕೊಯ್ದು ಸರಿಪಡಿಸಿಬಿಡಲಿ ಎಂಬ ಆತುರವು ಹೆತ್ತವರಲ್ಲಿ ಹುಟ್ಟುವುದು ಸಹಜ. ಈ ಆತುರವು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ವಾಚಕರ ಮುಂದಿಡಬಯಸುತ್ತೇವೆ.

ಆತುರವು ಸಲ್ಲುವುದು ಪರೀಕ್ಷೆಯಲ್ಲಿ. ಇಂತಹ ಸ್ಥಿತಿಗೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ಮೂತ್ರಪಿಂಡಗಳ ಮೇಲಣ ಅಡ್ರಿನಲ್ ಗ್ರಂಥಿಯ ಆಜನ್ಮ ವಿಕಾರ. ಒಂದು ಕಿಣ್ವದ ಕೊರತೆಯಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಕುಂದಿ, ಪುರುಷ ಹಾರ್ಮೋನು ಮಿತಿಮೀರಿ, ಗರ್ಭಕೋಶ ಅಂಡಾಶಯಗಳುಳ್ಳ ಹೆಣ್ಣುಕೂಸೂ ಹೊರಗೆ ಗಂಡಿನಂತೆ ತೋರುವುದುಂಟು. ರೋಗವು ತೀವ್ರವಾಗಿದ್ದರೆ ಮೂತ್ರದಲ್ಲಿ ಉಪ್ಪು ಸೋರಿಹೋಗಿ, ಎರಡು ಮೂರನೆಯ ವಾರದಲ್ಲಿಯೇ ಕೂಸು ವಾಂತಿ ಮಾಡಿಕೊಂಡು, ಬಾಡಿ, ಮರಣ ಹೊಂದೀತು. ರಕ್ತಪರೀಕ್ಷೆಯಿಂದ ಇದನ್ನು ಗುರುತಿಸಬಹುದು; ಮಾತ್ರೆಗಳಿಂದ ಪ್ರಾಣ ಉಳಿಸಬಹುದು; ಆ ಮಾತ್ರೆಗಳನ್ನು ಜೀವನಪರ್ಯಂತ ತಪ್ಪಿಸಕೂಡದು. ತಂದೆತಾಯಿಗಳಿಬ್ಬರಿಂದಲೂ ದೋಷಾಂಶ ಬಂದಾಗ ಮಾತ್ರ ಈ ರೋಗ ತೋರುವುದರಿಂದ, ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಂಭವ ಹೆಚ್ಚು. ಇದು ಯಾರ ಪಾಪದ ಫಲವೂ ಅಲ್ಲ, ಗ್ರಹಣದ ದೋಷವೂ ಅಲ್ಲ.

ಆತುರವು ಸಲ್ಲದಿರುವುದು ಶಸ್ತ್ರದಲ್ಲಿ. 1950ರ ದಶಕದಲ್ಲಿ ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಪಂಡಿತರು, ಎಳವೆಯಲ್ಲಿಯೇ ಅಂಗವನ್ನು ತಿದ್ದಿ ಒಂದು ಲಿಂಗದಲ್ಲಿ ಬೆಳೆಸಿದರೆ ಮನಸ್ಸೂ ಅದನ್ನೇ ಅನುಸರಿಸುವುದೆಂದು ಸಾರಿದರು. ಅನೇಕ ದೇಶಗಳ ವೈದ್ಯರು ಅದನ್ನು ನಂಬಿ ನಡೆದರು. ಆ ಮಕ್ಕಳು ಬೆಳೆದು ಮಾತನಾಡತೊಡಗಿದ ಮೇಲೆ ನಿಜ ಹೊರಬಿತ್ತು. ಮತ್ತೆ ಮತ್ತೆ ಶಸ್ತ್ರಕ್ರಿಯೆ, ಸ್ಪರ್ಶಸಂವೇದನೆಯ ನಷ್ಟ, ಕೆಲವರಲ್ಲಿ ಬಂಜೆತನ. ಇನ್ನು ಕೆಲವರಿಗೆ, ತಮಗೆ ಗೊತ್ತುಮಾಡಿದ ಲಿಂಗವೇ ತಮ್ಮದಲ್ಲವೆಂಬ ಅರಿವು. ಕೊಯ್ದು ತೆಗೆದುದನ್ನು ಮೊದಲಿನಂತೆ ಮಾಡುವ ವಿದ್ಯೆಯು ಯಾವ ವೈದ್ಯರಲ್ಲಿಯೂ ಇಲ್ಲ.

ಊರವರ ಬಾಯಿಗೆ, ಶಾಲೆಯ ಹಾಸ್ಯಕ್ಕೆ, ನಾಳಿನ ಮದುವೆಯ ಮಾತಿಗೆ ಹೆದರಿ ಹೆತ್ತವರು ಒಪ್ಪಿಗೆ ಕೊಡುತ್ತಾರೆಂಬುದನ್ನು ನಾವು ಬಲ್ಲೆವು. ಆ ಭಯವನ್ನು ಹಗುರವಾಗಿ ಎಣಿಸೆವು. ಆದರೆ ಊರವರ ಬಾಯಿಗೆ ಮಾಡಬೇಕಾದ ಚಿಕಿತ್ಸೆಯನ್ನು ಕೂಸಿನ ಮೈಗೆ ಮಾಡುವುದು ನ್ಯಾಯವೇ? ಪರೀಕ್ಷೆಗಳಾದ ಮೇಲೆ ವೈದ್ಯರ ಸಲಹೆಯಂತೆ ಹೆಣ್ಣೆಂದೋ ಗಂಡೆಂದೋ ಹೆಸರಿಟ್ಟು ಸಾಕುವುದಕ್ಕೆ ಶಸ್ತ್ರವೇನೂ ಬೇಕಿಲ್ಲ. ಮೂತ್ರ ಕಟ್ಟುವುದೇ ಮೊದಲಾದ ಅಪಾಯಗಳಿದ್ದರೆ ಮಾತು ಬೇರೆ.

2019ರ ಏಪ್ರಿಲ್ 22ರಂದು ಮದರಾಸು ಹೈಕೋರ್ಟಿನ ಮಧುರೆ ಪೀಠವು, ಹೆತ್ತವರ ಒಪ್ಪಿಗೆಯು ಮಗುವಿನ ಒಪ್ಪಿಗೆಯಾಗದೆಂದು ತೀರ್ಮಾನಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ತಮಿಳುನಾಡು ಸರ್ಕಾರವು, ಪ್ರಾಣಾಪಾಯದ ಪ್ರಸಂಗಗಳ ಹೊರತು, ಎಳೆಯ ಮಕ್ಕಳಿಗೆ ಇಂತಹ ಶಸ್ತ್ರಚಿಕಿತ್ಸೆ ಮಾಡುವುದನ್ನು ನಿಷೇಧಿಸಿತು. ಕರ್ನಾಟಕ ಸರ್ಕಾರವೂ ಇದೇ ಮೇರೆಗೆ ಆಜ್ಞೆ ಹೊರಡಿಸತಕ್ಕದ್ದು. ಕೊಡಗಿನಲ್ಲಿ 2016ರಿಂದ ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಇದೆ. ಜಿಲ್ಲೆಯ ಯಾವ ಮೂಲೆಯಲ್ಲಿ ಇಂತಹ ಕೂಸು ಹುಟ್ಟಿದರೂ ರಕ್ತಪರೀಕ್ಷೆಯೂ ಔಷಧವೂ ಅಲ್ಲಿಯೇ ಒಡನೆ ದೊರೆಯುವಂತೆ ಅಧಿಕಾರಿಗಳು ಏರ್ಪಡಿಸಬೇಕು. ಅಲ್ಲಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರು. ಮಳೆಗಾಲದಲ್ಲಿ ನಮ್ಮ ದಾರಿಗಳ ಪಾಡೇನೆಂಬುದನ್ನು 2018ರಲ್ಲಿ ಕಂಡಿದ್ದೇವೆ.

ಔಷಧಕ್ಕೆ ಒಂದು ದಿನವೂ ತಡವಾಗದಿರಲಿ. ಶಸ್ತ್ರವು ಮಾತ್ರ ಆ ಕೂಸು ಬೆಳೆದು ತನ್ನ ಮಾತನ್ನು ತಾನೇ ಹೇಳುವವರೆಗೆ ಕಾದಿರಲಿ.