ಹಸಿರು ಚುಕ್ಕೆಯನ್ನು ನಂಬುವ ಮುನ್ನ

ಕಳೆದ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮರುವಾರ ಮುಲುಂಡಿನ ನಮ್ಮ ಮನೆಯಲ್ಲಿ ಎರಡು ಘಟನೆಗಳು ನಡೆದವು. ಮೊದಲನೆಯದು, ಅಮ್ಮನ ಮೊಬೈಲಿಗೆ ಬಂದ ಒಂದು ಸಂದೇಶ. ಪೊಟ್ಟಣದ ಮೇಲೆ 'ಇ' ಅಕ್ಷರದ ಮುಂದೆ ಅಂಕೆಯಿದ್ದರೆ ಅದು ಪ್ರಾಣಿಯ ಕೊಬ್ಬೆಂದೂ ಅರ್ಬುದಕ್ಕೆ ಕಾರಣವೆಂದೂ ಅದರಲ್ಲಿತ್ತು. ಅಮ್ಮ ಸಿಟ್ರಿಕ್ ಆಮ್ಲವಿದ್ದ ಶರಬತ್ತಿನ ಬಾಟಲಿಯನ್ನೂ ಎರಡು ಪೊಟ್ಟಣ ಬಿಸ್ಕತ್ತನ್ನೂ ಅಂದೇ ಎಸೆದರು. ಎರಡನೆಯದು, ದುಬೈಯಿಂದ ಬಂದ ಬಂಧುಗಳು ಮಕ್ಕಳಿಗೆಂದು ತಂದಿದ್ದ ಬಣ್ಣದ ಜೆಲ್ಲಿ ಮಿಠಾಯಿ. ಮೊಮ್ಮಗ ಪ್ರೀತಿಯಿಂದ ಕೊಟ್ಟ ಒಂದನ್ನು ಅಮ್ಮ ತಿಂದರು. ಆ ಪೊಟ್ಟಣದಲ್ಲಿ 'ಜೆಲಟಿನ್' ಎಂಬ ಶಬ್ದವನ್ನು ನಾನು ಓದಿದ್ದು ಮರುದಿನ. ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಪದಾರ್ಥ. ಎಪ್ಪತ್ತು ದಾಟಿದ, ಬಾಲ್ಯದಿಂದ ವ್ರತನಿಷ್ಠೆಯಲ್ಲಿ ಬದುಕಿದ ಅಮ್ಮ ನನ್ನನ್ನು ಬೈಯಲಿಲ್ಲ. ಮರುದಿನ ಉಪವಾಸ ಮಾಡಿದರು.

ನಿರ್ದೋಷಿಯಾದುದನ್ನು ಎಸೆದೆವು, ವರ್ಜ್ಯವಾದುದನ್ನು ತಿಂದೆವು. ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಊರು ಬಿಟ್ಟು ನಗರಗಳಲ್ಲಿ ನೆಲೆಸಿದ ನಮ್ಮ ಸಮಾಜದ ಬಹುತೇಕ ಮನೆಗಳ ಕಥೆ ಎಂದೇ ನನ್ನ ಭಾವನೆ.

ವೃತ್ತಿಯಿಂದ ನಾನು ಲೆಕ್ಕ ಪರಿಶೋಧಕ. ಎರಡು ಬೇರೆ ಬೇರೆ ಖಾತೆಗಳನ್ನು ಬೆರೆಸಿ ಬರೆದರೆ ಎರಡೂ ಕೆಡುತ್ತವೆ ಎಂಬುದು ನಮ್ಮ ಮೊದಲ ಪಾಠ. ಆಹಾರಕ್ಕೆ ಸೇರಿಸುವ ಪದಾರ್ಥಗಳ ವಿಷಯದಲ್ಲಿ ನಾವು ಮಾಡುತ್ತಿರುವ ತಪ್ಪು ಅದೇ. 'ಇದು ಎಲ್ಲಿಂದ ಬಂತು?' ಎಂಬುದು ಅಹಿಂಸೆಯ ಪ್ರಶ್ನೆ. 'ಇದು ದೇಹಕ್ಕೆ ಕ್ಷೇಮವೇ?' ಎಂಬುದು ಆರೋಗ್ಯದ ಪ್ರಶ್ನೆ. ಒಂದರ ಉತ್ತರ ಇನ್ನೊಂದಕ್ಕೆ ಉತ್ತರವಾಗದು.

ಮುಂಬಯಿಯವರಿಗೆ ತೀರ ಪರಿಚಿತವಾದ ಪಾವನ್ನೇ ತೆಗೆದುಕೊಳ್ಳೋಣ. ಇಲ್ಲಿನ ಗಾಡಿಗಳಲ್ಲಿ 'ಜೈನ್ ಪಾವ್‌ಭಾಜಿ' ಕೇಳಿದರೆ ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿ, ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಮಾಡಿಕೊಡುತ್ತಾರೆ. ನಾವು ಭಾಜಿಯನ್ನು ವಿಚಾರಿಸುತ್ತೇವೆ, ಪಾವನ್ನು ವಿಚಾರಿಸುವುದಿಲ್ಲ. ಹಿಟ್ಟು ಚೆನ್ನಾಗಿ ಉಬ್ಬಲೆಂದು ಬ್ರೆಡ್ಡಿನ ಉದ್ಯಮದಲ್ಲಿ ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಒಂದು ಖನಿಜ ಲವಣ. ಅದರಲ್ಲಿ ಯಾವ ಜೀವಿಯ ಅಂಶವೂ ಇಲ್ಲ. ಆದರೆ ಅದು ಅರ್ಬುದಕಾರಕವಾಗಿರಬಹುದೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆ ಬಹು ಹಿಂದೆಯೇ ವರ್ಗೀಕರಿಸಿತ್ತು. 2016ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಬ್ರೆಡ್ಡುಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದ ಮೇಲೆ ಭಾರತದಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. ಮೂಲದಲ್ಲಿ ನಿರ್ದೋಷಿ, ಪರಿಣಾಮದಲ್ಲಿ ದೋಷಿ.

ಇದಕ್ಕೆ ತದ್ವಿರುದ್ಧವಾದುದು ಇ 631, ಅಂದರೆ ಡೈಸೋಡಿಯಂ ಇನೋಸಿನೇಟ್. ಚಿಪ್ಸ್, ಶೀಘ್ರ ನೂಡಲ್ಸ್‌ಗಳ ಮಸಾಲೆಯಲ್ಲಿ ರುಚಿ ಹೆಚ್ಚಿಸಲು ಇದನ್ನು ಬಳಸುತ್ತಾರೆ. ಮಿತ ಬಳಕೆಯಲ್ಲಿ ಇದು ಸುರಕ್ಷಿತವೆಂದೇ ಅಂತರರಾಷ್ಟ್ರೀಯ ತಜ್ಞರ ಅಭಿಪ್ರಾಯ. ಆದರೆ ಇದನ್ನು ಮೀನು, ಮಾಂಸಗಳಿಂದಲೂ ತೆಗೆಯಬಹುದು. ಸಸ್ಯಜನ್ಯ ಪಿಷ್ಟವನ್ನು ಹುದುಗಿಸಿಯೂ ಪಡೆಯಬಹುದು. ಸಂಖ್ಯೆ ಎರಡಕ್ಕೂ ಒಂದೇ. ಇ 471 ಎಂಬ ಕೊಬ್ಬಿನ ಅಂಶವೂ ಹಾಗೆಯೇ. ಸಸ್ಯದ ಎಣ್ಣೆಯಿಂದಲೂ ಬರುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಬರುತ್ತದೆ.

ಅಮ್ಮ ಎಸೆದ ಸಿಟ್ರಿಕ್ ಆಮ್ಲದ ಕಥೆಯನ್ನೂ ಹೇಳಬೇಕು. 1976ರ ಸುಮಾರಿಗೆ ಫ್ರಾನ್ಸಿನಲ್ಲಿ ಒಂದು ಕರಪತ್ರ ಹರಡಿತು. ವಿಲ್‌ಜುಯಿಫ್ ಎಂಬ ಊರಿನ ಆಸ್ಪತ್ರೆಯ ಹೆಸರನ್ನು ಅದರಲ್ಲಿ ಸುಳ್ಳಾಗಿ ಬಳಸಲಾಗಿತ್ತು. ಅದರಲ್ಲಿ ಇ 330, ಅಂದರೆ ನಿಂಬೆಹಣ್ಣಿನಲ್ಲಿ ಸಹಜವಾಗಿಯೇ ಇರುವ ಸಿಟ್ರಿಕ್ ಆಮ್ಲ, ಅತ್ಯಂತ ಅಪಾಯಕಾರಿ ಎಂದು ಬರೆದಿತ್ತು. ಆಸ್ಪತ್ರೆ ನಿರಾಕರಿಸಿದರೂ ಸುಳ್ಳು ನಿಲ್ಲಲಿಲ್ಲ. ಕೈಯಿಂದ ಕೈಗೆ ಪ್ರತಿಯಾಗುತ್ತ ಯೂರೋಪಿನ ಇತರ ದೇಶಗಳಿಗೂ ಹಬ್ಬಿತು. ಇಂದು ಅಂತಹುದೇ ಪಟ್ಟಿಗಳು ನಮ್ಮ ಮೊಬೈಲುಗಳಲ್ಲಿ 'ಜೈ ಜಿನೇಂದ್ರ'ದೊಡನೆ ಹರಿದಾಡುತ್ತಿವೆ. ಇಂಥದನ್ನು ಪರಿಶೀಲಿಸದೆ ಮುಂದೆ ಕಳಿಸುವಾಗ ಅಹಿಂಸೆಯ ಹೆಸರಿನಲ್ಲಿ ನಾವು ಸತ್ಯಾಣುವ್ರತವನ್ನು ಮುರಿಯುತ್ತಿದ್ದೇವೆ.

ಹಾಗಾದರೆ ಹಸಿರು ಚುಕ್ಕೆ ಇದೆಯಲ್ಲ ಎನ್ನಬಹುದು. ಅದನ್ನು ಲೆಕ್ಕ ಪರಿಶೋಧಕನ ಕಣ್ಣಿನಿಂದ ನೋಡೋಣ. ಚುಕ್ಕೆ ಮುದ್ರಿಸುವವನು ತಯಾರಕ. ಅದು ಅವನ ಹೇಳಿಕೆ. ಕಾನೂನಿನ ಬಲವಿರುವ ಹೇಳಿಕೆ, ಸುಳ್ಳಾದರೆ ಶಿಕ್ಷಾರ್ಹ. ಹಸಿರು ಚುಕ್ಕೆಯ ಪೊಟ್ಟಣದಲ್ಲಿ 631 ಇದ್ದರೆ ಅದು ಮೀನು, ಮಾಂಸಗಳ ಮೂಲದ್ದಾಗಿರಬಾರದು ಎಂಬುದು ನಿಯಮ. ಆದ್ದರಿಂದ ಅಂಕೆ ಕಂಡಕೂಡಲೇ ಕೂಗೆಬ್ಬಿಸುವುದು ನ್ಯಾಯವಲ್ಲ. ಆದರೆ ಹೇಳಿಕೆಯ ಹಿಂದಿನ ದಾಖಲೆ ಗ್ರಾಹಕನಿಗೆ ಕಾಣುವುದಿಲ್ಲ.

ಇನ್ನೂ ಮುಖ್ಯವಾದುದು ವ್ಯಾಖ್ಯೆ. 2020ರ ಲೇಬಲಿಂಗ್ ನಿಯಮಾವಳಿಯು ಮಾಂಸಾಹಾರವನ್ನು ವ್ಯಾಖ್ಯಾನಿಸುವಾಗ ಹಾಲು ಮತ್ತು ಹಾಲಿನ ಉತ್ಪನ್ನಗಳ ಜೊತೆಗೆ ಜೇನುತುಪ್ಪ, ಜೇನುಮೇಣ, ಶೆಲ್ಲಾಕ್‌ಗಳನ್ನೂ ಹೊರಗಿಟ್ಟಿದೆ. ಶೆಲ್ಲಾಕ್ ಎಂದರೆ ಅರಗಿನ ಕೀಟದ ಸ್ರಾವದಿಂದ ಮಾಡಿದ್ದು. ಮಿಠಾಯಿಗಳಿಗೆ ಹೊಳಪು ಕೊಡಲು ಬಳಸುತ್ತಾರೆ, ಸಂಖ್ಯೆ 904. ಇವೆಲ್ಲಕ್ಕೂ ಹಸಿರು ಚುಕ್ಕೆ ಸಲ್ಲುತ್ತದೆ. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಶ್ರಾವಕನ ಮೂಲಗುಣಗಳಲ್ಲಿ ಎಣಿಸಿದ ಪರಂಪರೆ ನಮ್ಮದು. ಸರಕಾರದ 'ಸಸ್ಯಾಹಾರ'ವೂ ನಮ್ಮ 'ಭಕ್ಷ್ಯ'ವೂ ಒಂದೇ ಅಲ್ಲ. ಇದು ಸರಕಾರದ ತಪ್ಪಲ್ಲ. ಅದು ಎಲ್ಲರಿಗಾಗಿ ಮಾಡಿದ ನಿಯಮ. ಓದದೆ ನಂಬಿದ್ದು ನಮ್ಮ ತಪ್ಪು.

ದಾರಿ ಏನು? 2021ರ ಡಿಸೆಂಬರ್ 9ರಂದು ದೆಹಲಿ ಉಚ್ಚ ನ್ಯಾಯಾಲಯ ಒಂದು ಮಹತ್ವದ ಆದೇಶ ನೀಡಿತು. ಆಹಾರದ ಪ್ರತಿಯೊಂದು ಘಟಕವನ್ನೂ ಸಂಕೇತದಿಂದ ಮಾತ್ರವಲ್ಲ, ಅದು ಸಸ್ಯಮೂಲವೇ, ಪ್ರಾಣಿಮೂಲವೇ, ಪ್ರಯೋಗಾಲಯದಲ್ಲಿ ತಯಾರಾದುದೇ ಎಂಬುದನ್ನೂ ತಿಳಿಸಬೇಕೆಂದು ಅದು ಹೇಳಿತು. ಪ್ರಾಣಿಮೂಲದ ಅಂಶ ಎಷ್ಟೇ ಅಲ್ಪವಾದರೂ ಆಹಾರ ಸಸ್ಯಾಹಾರವಾಗದು ಎಂದಿತು. ಇ 631ರ ಉದಾಹರಣೆಯೂ ಆ ಆದೇಶದಲ್ಲಿದೆ. ಆದರೂ ನಮ್ಮ ಬಡಾವಣೆಯ ಅಂಗಡಿಯಲ್ಲಿ ನಾನು ತಿರುವಿ ನೋಡಿದ ಪೊಟ್ಟಣಗಳಲ್ಲಿ ಹೆಚ್ಚಿನವು ಇಂದಿಗೂ ಸಂಖ್ಯೆಯನ್ನಷ್ಟೇ ಹೇಳುತ್ತವೆ. ಗಮನಿಸಬೇಕಾದುದೆಂದರೆ, ಆ ಅರ್ಜಿಯನ್ನು ಹಾಕಿದ್ದು ಒಂದು ಗೋರಕ್ಷಣಾ ಸಂಸ್ಥೆ, ನಮ್ಮ ಯಾವ ಸಂಘವೂ ಅಲ್ಲ.

ನಮ್ಮ ಸಾಮಾಜಿಕ ಶಕ್ತಿ ಎಲ್ಲಿ ವ್ಯಯವಾಗುತ್ತಿದೆ? 2015ರಲ್ಲಿ ಪರ್ಯುಷಣದ ದಿನಗಳ ಮಾಂಸ ಮಾರಾಟ ನಿಷೇಧದ ವಿವಾದ ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ನಗರದ ಮಟ್ಟಿಗೆ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಆಗ ನೆರೆಹೊರೆಯ ಮರಾಠಿ ಬಂಧುಗಳೊಡನೆ ಹುಟ್ಟಿದ ಕಹಿ ಇನ್ನೂ ಪೂರ್ತಿ ಆರಿಲ್ಲ. ಪ್ರತಿ ಭಾದ್ರಪದದಲ್ಲಿ ಬೇಡಿಕೆಗಳು ಮತ್ತೆ ತಲೆಯೆತ್ತುತ್ತವೆ. ಪ್ರಾಣಿದಯೆಯ ಆ ಆಶಯವನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಆದರೆ ಇತರರ ತಟ್ಟೆಯನ್ನು ಎಂಟು ದಿನ ನಿಯಂತ್ರಿಸಲು ಹೊರಟವರು, ನಮ್ಮದೇ ತಟ್ಟೆಯಲ್ಲಿ ವರ್ಷವಿಡೀ ಏನಿದೆ ಎಂದು ಕೇಳಲು ಒಂದು ಮನವಿಯನ್ನೂ ಬರೆಯದಿರುವುದು ವಿಚಾರಣೀಯ. ಮೊದಲನೆಯದಕ್ಕೆ ಬೇರೆಯವರ ಜೀವನೋಪಾಯದ ಮೇಲೆ ಕೈಯಿಡಬೇಕು. ಎರಡನೆಯದು ಯಾರಿಗೂ ಕೇಡು ಮಾಡದು. ನಮಗೆ ಮಾತ್ರವಲ್ಲ, ಮುಸ್ಲಿಮರಿಗೆ, ಅಲರ್ಜಿಯುಳ್ಳವರಿಗೆ, ಪೊಟ್ಟಣ ಓದಬಯಸುವ ಎಲ್ಲರಿಗೂ ಪ್ರಯೋಜನವಾಗುವುದು.

ಮೂರು ಸಲಹೆಗಳನ್ನು ಸಮಾಜದ ಮುಂದಿಡುತ್ತೇನೆ. ಒಂದು, ಆಹಾರ ಸುರಕ್ಷತಾ ಪ್ರಾಧಿಕಾರ ತನ್ನ ಕರಡು ನಿಯಮಗಳನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಹೊರನಾಡಿನ ನಮ್ಮ ಸಂಘಗಳು ಒಂದಾಗಿ, ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದರ ಮೂಲವನ್ನೂ ಮುದ್ರಿಸಬೇಕೆಂದು ಬರೆಯಲಿ. ಎರಡು, ನಮ್ಮ ಬಸದಿಗಳ ಉತ್ಸವ, ಮದುವೆ, ಸ್ನೇಹಕೂಟಗಳ ಅಡುಗೆಯವರಿಂದ ಕಂದಮೂಲವಿಲ್ಲ ಎಂಬ ಮಾತಿನ ಜೊತೆಗೆ ಅವರು ಬಳಸುವ ಸಿದ್ಧ ಪದಾರ್ಥಗಳ ಪಟ್ಟಿಯನ್ನೂ ಪಡೆಯಲಿ. ಜೆಲ್ಲಿಗೆ ಸಮುದ್ರ ಸಸ್ಯದಿಂದಾದ ಅಗರ್ ಸಾಕು, ಜೆಲಟಿನ್ ಬೇಕಿಲ್ಲ. ಮೂರು, ಪಾಠಶಾಲೆಯ ಮಕ್ಕಳಿಗೆ ಪೊಟ್ಟಣ ಓದುವುದನ್ನು ಕಲಿಸಲಿ, ಹೆದರಿಸಲೆಂದಲ್ಲ, ವಿವೇಚಿಸಲೆಂದು. ಹುದುಗಿಸಿದ ಪದಾರ್ಥಗಳಂಥ ಸೂಕ್ಷ್ಮ ಪ್ರಶ್ನೆಗಳನ್ನು ಮುನಿಗಳೂ ವಿದ್ವಾಂಸರೂ ವಿಜ್ಞಾನಿಗಳೊಡನೆ ಕುಳಿತು ಚರ್ಚಿಸಲಿ.

ಮಗ ಈಗ ಅಂಗಡಿಯಲ್ಲಿ ಪೊಟ್ಟಣದ ಹಿಂಬದಿಯನ್ನು ಮೊದಲು ನೋಡುತ್ತಾನೆ. ಮೊನ್ನೆ ಅಜ್ಜಿಗೆ ಶರಬತ್ತಿನ ಬಾಟಲಿ ತಂದುಕೊಟ್ಟು, "ಅಜ್ಜಿ, ಇದು ನಿಂಬೆಹಣ್ಣಿನಲ್ಲಿರುವ ಹುಳಿಯೇ, ಹೆದರಬೇಡಿ" ಎಂದ. ಅಮ್ಮ ಕುಡಿದರು. ವಿಚಾರಿಸಿ ತಿನ್ನುವುದೂ ವ್ರತದ ಒಂದು ಭಾಗವೇ.