ದ್ವೀಪವನ್ನೇ ಕಾಣದ ನಾಣ್ಯ

ಅಪ್ಪಟ ಬೆಳ್ಳಿಯ ನಾಣ್ಯ. ತೂಕ ಒಂದು ಔನ್ಸು. ನಮ್ಮ ಲೆಕ್ಕದಲ್ಲಿ ಎರಡೂವರೆ ತೊಲಕ್ಕಿಂತ ತುಸು ಹೆಚ್ಚು. ಒಂದು ಮುಖದಲ್ಲಿ ಎರಡನೆಯ ಎಲಿಜಬೆತ್ ರಾಣಿ. ಇನ್ನೊಂದು ಮುಖದಲ್ಲಿ ಜೇಡನಂತೆ ಗೋಡೆಯೇರುವ ಅಮೆರಿಕದ ಚಿತ್ರಕಥಾನಾಯಕ ಸ್ಪೈಡರ್‌ಮ್ಯಾನ್! ಮುದ್ರಿತ ಬೆಲೆ ಒಂದು ಡಾಲರು. 2017ರಲ್ಲಿ ಇದನ್ನು ಹೊರಡಿಸಿದ ರಾಷ್ಟ್ರ ಟುವಾಲು. ಜೇಡನಿಗೂ ಟುವಾಲುವಿಗೂ ಎತ್ತಣ ನಂಟೆಂದು ವಾಚಕರು ಕೇಳಿಯಾರು.

ಪೆಸಿಫಿಕ್ ಸಾಗರದ ಒಂಬತ್ತು ಪುಟ್ಟ ದ್ವೀಪಗಳ ನಾಡು ಟುವಾಲು. ಎಲ್ಲವನ್ನೂ ಕೂಡಿಸಿದರೆ ನೆಲ 26 ಚದರ ಕಿಲೋಮೀಟರು. ಜನ ಸುಮಾರು ಹತ್ತು ಸಾವಿರ. 1976ರಲ್ಲಿ ಅದು ಮೊದಲು ಹೊರಡಿಸಿದ ನಾಣ್ಯಗಳಲ್ಲಿ ಹಾರುವ ಮೀನು, ಅಷ್ಟಪದಿ, ಕಡಲಾಮೆಗಳಿದ್ದವು. ಅವು ಅಲ್ಲಿನವರು ದಿನವೂ ಕಂಡ ಜೀವಿಗಳು. ನೋಡಲೂ ಬಲು ಚೆಲುವು. ಅಲ್ಲಿಯ ನಿತ್ಯದ ವ್ಯವಹಾರವೆಲ್ಲ ಆಸ್ಟ್ರೇಲಿಯದ ಡಾಲರಿನಲ್ಲಿಯೇ.

ಬೆಳ್ಳಿ ನಾಣ್ಯಗಳ ಕಥೆಯೇ ಬೇರೆ. ಅವು ಅಚ್ಚಾಗುವುದು ಸಾವಿರಾರು ಮೈಲಿಯಾಚೆ, ಆಸ್ಟ್ರೇಲಿಯದ ಪರ್ತ್ ನಗರದ ಟಂಕಸಾಲೆಯಲ್ಲಿ. ರಾಷ್ಟ್ರವೊಂದರ ಹೆಸರಿಲ್ಲದಿದ್ದರೆ ಎಂಥ ಬೆಳ್ಳಿಯ ಬಿಲ್ಲೆಯೂ ಬರಿಯ ಪದಕ. ಹೆಸರೂ ಬೆಲೆಯೂ ಬಿದ್ದೊಡನೆ ಅದು ಕಾನೂನುಬದ್ಧ ನಾಣ್ಯ. ಸಂಗ್ರಾಹಕರು ಬಯಸುವುದು ಆ ಗೌರವವನ್ನು. ಬೆಳ್ಳಿಯ ಬೆಲೆಯೇ ಡಾಲರಿಗಿಂತ ಎಷ್ಟೋ ಪಾಲು ಹೆಚ್ಚಾದ್ದರಿಂದ ಇದನ್ನು ಕೊಟ್ಟು ಅಂಗಡಿಯಲ್ಲಿ ತೆಂಗಿನಕಾಯಿ ಕೊಳ್ಳುವ ಮೂಢನಿಲ್ಲ. ನಾಣ್ಯವು ದ್ವೀಪವನ್ನು ಕಾಣದೆಯೇ ದೂರದೇಶದ ಪೆಟ್ಟಿಗೆ ಸೇರುತ್ತದೆ. ಹೆಸರು ಕೊಟ್ಟ ನಾಡಿಗೆ ಸಲ್ಲುವುದು ಹಕ್ಕಿನ ಹಣ.

ಇದನ್ನು ಕಂಡು ನಗುವವರುಂಟು. ನನಗೆ ನಗು ಬರುವುದಿಲ್ಲ. ಗದ್ದೆಯಿಲ್ಲ, ಗಣಿಯಿಲ್ಲ, ಮಾರಲು ಮೀನುಗಾರಿಕೆಯ ಪರವಾನಗಿ ಬಿಟ್ಟರೆ ಹೆಚ್ಚೇನಿದೆ? ಅಂಚೆಚೀಟಿಗಳನ್ನು ಮಾರಿದರು. ಅಂತರಜಾಲದ ವಿಳಾಸಗಳಲ್ಲಿ ಆ ದೇಶದ ಪಾಲಿಗೆ ಬಂದ ಎರಡಕ್ಷರ ಅದೃಷ್ಟವಶಾತ್ ‘ಟಿವಿ’ ಆಗಿದ್ದುದರಿಂದ ಅದನ್ನೂ ಬಾಡಿಗೆಗಿತ್ತರು. ಹೆಸರೇ ಅವರ ಬೆಳೆ.

ಆದರೆ ಹೆಸರಿಗೆ ಆಧಾರವಾದ ನೆಲವೇ ಈಗ ಅಪಾಯದಲ್ಲಿದೆ. ಅಲ್ಲಿಯ ಅತ್ಯುನ್ನತ ಸ್ಥಳವೂ ಕಡಲಿನಿಂದ ಐದು ಮೀಟರು ಎತ್ತರವಿಲ್ಲ, ಕಡಲೋ ಏರುತ್ತಿದೆ. ವರ್ಷಕ್ಕೆ 280 ಮಂದಿಯವರೆಗೆ ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಬಹುದೆಂಬ ಒಪ್ಪಂದಕ್ಕೆ 2023ರಲ್ಲಿ ಸಹಿಯಾಯಿತು. ಅದೇ ವರ್ಷ ಟುವಾಲು ತನ್ನ ಸಂವಿಧಾನವನ್ನು ತಿದ್ದಿ, ನೆಲ ಕಡಲ ಪಾಲಾದರೂ ರಾಷ್ಟ್ರವು ಶಾಶ್ವತವಾಗಿ ಉಳಿಯುವುದೆಂದು ಬರೆದುಕೊಂಡಿತು.